ಬೆಳಕಿಂಡಿಯ ಕೆಳಗೆ ಟೋಪಿ

ಫೆಬ್ರವರಿ 4

ಇಂದು ಆಫೀಸಿಗೆ ಒಬ್ಬಳು ಬಂದಳು. ಬಂದಳು ಎನ್ನುವುದಕ್ಕಿಂತ ಬಾಗಿಲು ತುಂಬಿಕೊಂಡು ನಿಂತಳು ಎನ್ನಬೇಕು. ಹರೆಯದಲ್ಲಿ ಭಾರ ಎತ್ತಿ ಪದಕ ಗೆದ್ದವಳಂತೆ; ಈಗ ಜಿಮ್ ನಡೆಸುತ್ತಾಳೆ. ಎಲ್ಲರೂ ಪೈಲ್ವಾನಮ್ಮ ಎಂದೇ ಕರೆಯುತ್ತಾರಂತೆ. ಆ ಹೆಸರಿನ ಬಗ್ಗೆ ಅವಳಿಗೆ ಎಳ್ಳಷ್ಟೂ ಬೇಸರವಿಲ್ಲ.

“ಸಾರ್, ಒಂದ್ಸಲ ಬಂದು ನನ್ನ ಜಿಮ್ ನೋಡಿ. ಆಮೇಲೆ ಮಾತಾಡೋಣ” ಎಂದಳು.

ಹೋಗಿ ನೋಡಿದೆ. ಅಂಗಡಿ ಸಾಲಿನ ಕೆಳಗೊಂದು ನೆಲಮಾಳಿಗೆ. ಮೆಟ್ಟಿಲು ಇಳಿಯುವಾಗಲೇ ಬೆವರು, ರಬ್ಬರು, ಒದ್ದೆ ಟವೆಲ್ಲುಗಳ ವಾಸನೆ ಮೂಗಿಗೆ ಬಡಿಯಿತು. ಕಿಟಕಿ ಎಂಬ ಪದಾರ್ಥವೇ ಇಲ್ಲ. ಸುತ್ತ ಕನ್ನಡಿ, ಮೇಲೆ ಟ್ಯೂಬ್‌ಲೈಟು. ಆ ಬೆಳಕಿನಲ್ಲಿ ಎಲ್ಲರ ಮುಖವೂ ಹೆಣದ ಮುಖ. ಆದರೂ ಅದನ್ನೇ ಕನ್ನಡಿಯಲ್ಲಿ ನೋಡಿ ಹಿಗ್ಗುತ್ತಿದ್ದಾರೆ! ಒಬ್ಬ ಟ್ರೆಡ್‌ಮಿಲ್ ಮೇಲೆ ಗೋಡೆಯ ಕಡೆ ಓಡುತ್ತಿದ್ದ. ಎಷ್ಟು ಓಡಿದರೂ ಗೋಡೆ ಅಲ್ಲೇ ಇತ್ತು. ಇಂಥ ಗವಿಯನ್ನು ಯಾವನೋ ಒಬ್ಬ ನನ್ನಂತೆಯೇ ಓದಿ, ಪದವಿ ಪಡೆದು, ನಕ್ಷೆ ಬರೆದು ಕಟ್ಟಿದ್ದಾನೆ ಎಂದು ನೆನೆದರೆ ಮೈ ಉರಿಯುತ್ತದೆ.

“ಬೆಳಿಗ್ಗೆ ಕತ್ತಲಲ್ಲಿ ಇಳೀತೀನಿ, ಸಂಜೆ ಕತ್ತಲಲ್ಲಿ ಹತ್ತೀನಿ. ಇಷ್ಟು ವರ್ಷ ಹಾಗೇ ಕಳೀತು. ನನ್ನ ಹತ್ರ ಬರೋ ಜನಕ್ಕೆ ಒಂದಿಷ್ಟು ಬಿಸಿಲು ಕೊಡ್ಬೇಕು ಅಂತ ಆಸೆ ಸಾರ್. ಹೊಸ ಜಾಗ ನೋಡಿದೀನಿ. ಇದನ್ನ ಬಿಟ್ಟುಕೊಟ್ಟಾಯ್ತು, ಇನ್ನು ವಾಪಸ್ ಬರೋಕಾಗಲ್ಲ. ನಿಮ್ಮ ಕಟ್ಟಡದಲ್ಲಿ ಹಗಲು ಹೊತ್ತು ದೀಪನೇ ಬೇಡ ಅಂತಾರೆ. ನೀವು ಹೇಗೆ ಹೇಳ್ತೀರೋ ಹಾಗೆ.”

ಜಿಮ್ಮಿಗೆ ನಕ್ಷೆ ಬರೆಯುವ ಕಾಲ ಬಂತಲ್ಲ ನನಗೆ! ಆದರೂ ಒಪ್ಪಿಕೊಂಡೆ. ಬಿಸಿಲು ಬೇಕು ಎಂದು ಕೇಳುವ ಗಿರಾಕಿ ಬಂದು ಎಷ್ಟೋ ಕಾಲವಾಗಿತ್ತು. ಉಳಿದವರೆಲ್ಲ ಬರುವುದು ಪಾರ್ಕಿಂಗ್ ಕೇಳಿಕೊಂಡು.

ಫೆಬ್ರವರಿ 10

ಹೊಸ ಜಾಗ ಒಂದು ಹಳೆಯ ಮುದ್ರಣಾಲಯದ ಶೆಡ್. ಎತ್ತರದ ಮಾಡು, ಉದ್ದನೆಯ ಹಾಲ್, ಪೂರ್ವಕ್ಕೆ ಖಾಲಿ ಗೋಡೆ. ನೋಡಿದೊಡನೆ ನಕ್ಷೆ ತಲೆಯಲ್ಲಿ ಮೂಡಿತು. ಪೂರ್ವದ ಗೋಡೆಗೆ ಸೊಂಟದಿಂದ ಮೇಲಕ್ಕೆ ಗಾಜು. ಮಾಡಿನ ನಡುವೆ ಸಾಲಾಗಿ ಬೆಳಕಿಂಡಿಗಳು.

ಹಾಲಿನ ಮಧ್ಯೆ ನಿಂತು ಎಂದಿನಂತೆ ನನ್ನ ಪರೀಕ್ಷೆ ಮಾಡಿದೆ. ಪತ್ರಿಕೆ ಬಿಡಿಸಿ ಹಿಡಿದು, ಒಳಪುಟದ ಅತಿ ಸಣ್ಣ ಅಕ್ಷರದ ಜಾಹೀರಾತು ಓದುವುದು. ಓದಲು ಹಾಯೆನಿಸಿದರೆ ಬೆಳಕು ಸಾಕು, ಇಲ್ಲದಿದ್ದರೆ ಗೋಡೆ ಒಡಿ. ಕಾಲೇಜು ಬಿಟ್ಟ ದಿನದಿಂದ ನನ್ನ ಉಪಕರಣ ಇದೊಂದೇ. ಈಚೆಗೆ ಇದಕ್ಕೆ ಕನ್ನಡಕವೂ ಬೇಡವಾಗಿದೆ. ನನ್ನ ವಾರಿಗೆಯವರೆಲ್ಲ ಬಾಟಲಿಯ ತಳದಂಥ ಗಾಜು ಏರಿಸಿಕೊಂಡು ಮೊಬೈಲನ್ನು ಮಾರುದ್ದ ದೂರ ಹಿಡಿಯುತ್ತಾರೆ. ನಾನು ಹೋದ ವರ್ಷವೇ ಓದುವ ಕನ್ನಡಕವನ್ನು ಮೇಜಿನ ಖಾನೆಗೆ ಎಸೆದೆ.

ಹಾಲ್ ಮಬ್ಬು, ತೀರಾ ಮಬ್ಬು. ಎರಡು ಬೆಳಕಿಂಡಿ ಎಂದುಕೊಂಡಿದ್ದೆ, ಐದು ಬೇಕಾಗುತ್ತದೆ.

ಮನೆಗೆ ಬಂದರೆ ಹೆಂಡತಿ ಕಂದು ಬಣ್ಣದ ಶಾಲು ಹೊದ್ದು ಕುಳಿತಿದ್ದಳು. “ಇದೇನೇ, ಕೆಸರಲ್ಲಿ ಅದ್ದಿ ತೆಗೆದ ಹಾಗಿದೆ” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

“ರೀ, ಇದು ನೇರಳೆ. ನೀವೇ ಕೊಡಿಸಿದ್ದು. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ ಅಂದ್ರೆ ಕೇಳಲ್ಲ.”

ಕನ್ನಡಕವಿಲ್ಲದೆ ಓದುವವನಿಗೆ ಕಣ್ಣಿನ ಡಾಕ್ಟರಂತೆ! ಒಗೆದು ಒಗೆದು ಶಾಲಿನ ಬಣ್ಣ ಹೋಗಿದೆ, ಅದನ್ನು ಒಪ್ಪಿಕೊಳ್ಳಲು ಇವಳಿಗೆ ಮನಸ್ಸಿಲ್ಲ.

ಫೆಬ್ರವರಿ 25

ಬಾಮೈದ ಬಂದಿದ್ದ. ನನ್ನ ಕಟ್ಟಡಗಳ ವಿದ್ಯುತ್ ಕೆಲಸವೆಲ್ಲ ಅವನದೇ. ಹೆಂಡತಿಯ ತಮ್ಮ ಎಂಬ ಕಾರಣಕ್ಕೆ ಸಹಿಸಿಕೊಂಡಿದ್ದೇನೆ, ಕೆಲಸ ಶುದ್ಧ ಎಂಬ ಕಾರಣಕ್ಕೂ. ನಕ್ಷೆ ನೋಡಿ ಕಿವಿಯ ಹಿಂದೆ ಕೆರೆದುಕೊಂಡ. ಅವನು ಹಾಗೆ ಕೆರೆದುಕೊಂಡನೆಂದರೆ ನನ್ನ ತಲೆ ತಿನ್ನಲು ಶುರು ಎಂದರ್ಥ.

“ಭಾವ, ಐದು ಬೆಳಕಿಂಡಿ ಜಾಸ್ತಿ ಆಗಲ್ವಾ? ಪೂರ್ವಕ್ಕೆ ಬೇರೆ ಅಷ್ಟು ಗಾಜಿದೆ.”

“ನೀನು ಬಲ್ಬು ಮಾರೋನು. ನಿನಗೆ ಸೂರ್ಯ ಅಂದ್ರೆ ಹೊಟ್ಟೆಕಿಚ್ಚು.”

ಅವನು ನಗಲಿಲ್ಲ. ಚೀಲದಿಂದ ಬೆಳಕು ಅಳೆಯುವ ಮೀಟರು ತೆಗೆದು ಮೇಜಿನ ಮೇಲಿಟ್ಟ. ಸೋಪಿನ ಡಬ್ಬಿಯಷ್ಟು ದೊಡ್ಡದು, ತುದಿಗೊಂದು ಬಿಳಿಯ ಗುಂಡು ಕಣ್ಣು. ಶೆಡ್ಡಿಗೆ ಹೋಗಿ ಅಳೆದುಕೊಂಡು ಬಂದಿದ್ದಾನಂತೆ, ಎರಡೇ ಸಾಕಂತೆ.

ಆ ಡಬ್ಬಿಗೆ ಬೆಳಿಗ್ಗೆಯ ಬೆಳಕು ಯಾವುದು, ಸಂಜೆಯದು ಯಾವುದು ಎಂದು ಗೊತ್ತೇನು? ಯಾವ ಬೆಳಕಿನಲ್ಲಿ ಮನುಷ್ಯನಿಗೆ ಎದ್ದು ಓಡಬೇಕೆನಿಸುತ್ತದೆ, ಯಾವುದರಲ್ಲಿ ಮಗ್ಗಲು ಬದಲಿಸಿ ಮಲಗಬೇಕೆನಿಸುತ್ತದೆ ಎಂದು ಗೊತ್ತೇನು? ಕಣ್ಣಿದ್ದವನಿಗೆ ಮೀಟರು ಏಕೆ ಬೇಕು? ಹೀಗೆಲ್ಲ ಎಗರಾಡಿದೆ. ಅವನು ಮೀಟರನ್ನು ಚೀಲಕ್ಕೆ ಹಾಕಿಕೊಂಡು, ಕಾಫಿ ಕುಡಿದು, “ನಿಮ್ಮಿಷ್ಟ ಭಾವ” ಎಂದು ಹೋದ. ಸೋತವರು ಹೇಳುವ ಮಾತು ಅದು.

ಮಾರ್ಚ್ 13

ಬಣ್ಣದವನ ಜೊತೆ ಜಗಳ. ಗೋಡೆಗೆ ಅಚ್ಚ ಬಿಳಿ ಹೊಡಿ ಎಂದರೆ ಕೆನೆ ಬಣ್ಣ ಹೊಡೆದು ನಿಂತಿದ್ದ. ಒಳಗೆ ಬಂದ ಬೆಳಕನ್ನು ಗೋಡೆ ಹಂಚಬೇಕು. ಕೆನೆ ಬಣ್ಣ ಬಳಿದರೆ ಅರ್ಧ ಬೆಳಕನ್ನು ಅದೇ ನುಂಗುತ್ತದೆ. ಮತ್ತೊಮ್ಮೆ ಹೊಡೆಸಿದೆ. ಆಗಲೂ ಹಳದಿಯ ಛಾಯೆ.

“ಸಾರ್, ಇದಕ್ಕಿಂತ ಬಿಳಿ ಡಬ್ಬದಲ್ಲಿ ಇಲ್ಲ. ಬೇಕಂದ್ರೆ ನೀಲಿ ಬೆರೆಸ್ತೀನಿ. ಆಮೇಲೆ ನನ್ನ ಬೈಬೇಡಿ.”

“ಬೆರೆಸಯ್ಯ.”

ಬೆರೆಸಿದ ಮೇಲೆ ಗೋಡೆ ಸ್ವಲ್ಪ ಬಿಳಿ ಅನ್ನಿಸಿತು. ನೋಡಿದಿರಾ? ಕೆಲಸಗಳ್ಳರ ಹತ್ತಿರ ಕೆಲಸ ತೆಗೆಯುವುದು ಹೀಗೆ.

ಮಾರ್ಚ್ 14

ಸಂಜೆ ಕಾರಿನಲ್ಲಿ ಬರುವಾಗ ಎದುರಿನವರೆಲ್ಲ ಕಣ್ಣಿಗೇ ದೀಪ ಬಿಟ್ಟುಕೊಂಡು ಬರುತ್ತಿದ್ದರು. ಒಂದೊಂದು ದೀಪದ ಸುತ್ತಲೂ ಬಳೆಯಂಥ ವೃತ್ತ. ಎಂಥ ಅಗ್ಗದ ಬಲ್ಬು ಹಾಕಿಸುತ್ತಾರೋ! ಮನೆಯ ಗೇಟಿನ ಕಂಬ ಕಾರಿಗೆ ತಾಗಿತು. ಆ ಕಂಬ ಮೊದಲಿಂದಲೂ ಒಂದು ಚೂರು ಒಳಕ್ಕೇ ಇದೆ.

ಹೆಂಡತಿ ಹೊರಗೆ ಬಂದು ಕಾರಿಗೆ ಗೀರು ಬಿದ್ದ ಕಡೆ ಬೆರಳಾಡಿಸಿದಳು. ಅವಳು ಹಾಗೆ ಮಾಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ಏಪ್ರಿಲ್ 2

ಇಂದು ಜಿಮ್ ಶುರುವಾಯಿತು. ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲೇ ಹೋಗಿ ಒಂದು ಮೂಲೆಯಲ್ಲಿ ನಿಂತಿದ್ದೆ.

ಈ ದಿನಚರಿಯಲ್ಲಿ ನಾನು ಯಾರನ್ನೂ ಹೊಗಳಿದವನಲ್ಲ, ನನ್ನನ್ನೂ ಸೇರಿಸಿ. ಆದರೆ ಇಂದು ಬರೆಯಲೇಬೇಕು. ಪೂರ್ವದ ಗಾಜಿನಿಂದ ಬೆಳಕು ನಿಧಾನವಾಗಿ ಒಳಗೆ ಬಂತು. ಜೇನಿನ ಬಣ್ಣದ ಬೆಳಕು. ಬೆಳಕಿಂಡಿಗಳಿಂದ ಇಳಿದದ್ದು ಅದರೊಡನೆ ಕೂಡಿ ಇಡೀ ಹಾಲ್ ಕಾಯಿಸಿದ ಹಾಲಿನ ಹಾಗೆ ತುಂಬಿಕೊಂಡಿತು. ಎಲ್ಲೂ ಚೂಪಿಲ್ಲ, ಎಲ್ಲೂ ಗಡುಸಿಲ್ಲ. ಕಬ್ಬಿಣದ ತಟ್ಟೆಗಳ ಅಂಚೂ ಮೆತ್ತಗೆ ಕಾಣುತ್ತಿತ್ತು. ನೆಲಮಾಳಿಗೆಯಲ್ಲಿ ಹೆಣದಂತಿದ್ದ ಅದೇ ಜನ ಇಲ್ಲಿ ಬೆಚ್ಚಗಿನ ಮನುಷ್ಯರಾಗಿದ್ದರು. ಇಷ್ಟು ವರ್ಷ ಈ ಬೆಳಕಿಗಾಗಿಯೇ ನಕ್ಷೆ ಬರೆಯುತ್ತಿದ್ದೆ, ಇಂದು ಸಿಕ್ಕಿತು.

ಪೈಲ್ವಾನಮ್ಮ ಬಂದು ಪಕ್ಕದಲ್ಲಿ ನಿಂತಳು. ಹಣೆಗೆ ಕೈ ಅಡ್ಡ ಹಿಡಿದುಕೊಂಡಿದ್ದಳು, ಸೈನಿಕರ ಸೆಲ್ಯೂಟಿನ ಹಾಗೆ. “ಬಿಸಿಲು ಕೇಳಿದ್ದೆ ಸಾರ್. ಕೊಟ್ಟುಬಿಟ್ರಿ” ಎಂದಳು. ಕಣ್ಣಲ್ಲಿ ನೀರಿತ್ತು. ಖುಷಿಗೆ ಅಳುವ ಪೈಲ್ವಾನರನ್ನು ಇದೇ ಮೊದಲು ನೋಡಿದ್ದು.

ಏಪ್ರಿಲ್ 14

ಜಿಮ್ಮಿನ ಕಡೆ ಹೋಗಿದ್ದೆ. ಹೋಗಬಾರದಿತ್ತು.

ಬಂದವರೆಲ್ಲ ಟೋಪಿ ಹಾಕಿದ್ದಾರೆ! ಮುಂದೆ ಕೊಕ್ಕಿನಂತೆ ಚಾಚಿದ ಟೋಪಿ. ಕಟ್ಟಡದ ಒಳಗೆ, ಮಾಡಿನ ಕೆಳಗೆ. ಕೆಲವರಿಗೆ ಟೋಪಿಯೂ ಸಾಲದೆ ಕಪ್ಪು ಕನ್ನಡಕ ಬೇರೆ. ಒಬ್ಬ ಮುದುಕ ಬೆಂಚಿನ ಮೇಲೆ ಅಂಗಾತ ಮಲಗಿ, ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಭಾರ ಎತ್ತುತ್ತಿದ್ದ. ಈ ವಯಸ್ಸಿಗೆ ಇವನಿಗೆಂಥ ಶೋಕಿ? ಟ್ರೆಡ್‌ಮಿಲ್ ಮೇಲೆ ಸಾಲಾಗಿ ಕಪ್ಪು ಕನ್ನಡಕದವರು ಓಡುತ್ತಿದ್ದರು, ಯಾರದೋ ಮನೆ ದೋಚಿಕೊಂಡು ಪರಾರಿಯಾಗುವ ಗುಂಪಿನಂತೆ. ಪಶ್ಚಿಮದ ಗೋಡೆಗೆ ಪೈಲ್ವಾನಮ್ಮ ಹಳೆಯ ಕನ್ನಡಿಗಳನ್ನು ಹಾಕಿಸಿದ್ದಳು. ಅವಕ್ಕೆ ಹಳೆಯ ಚಾಪೆ ನೇತುಹಾಕಿ ಮುಚ್ಚಿದ್ದಾರೆ. ಕನ್ನಡಿಯನ್ನೂ ಮುಚ್ಚಿ ಶೋಕಿ ಮಾಡುವವರನ್ನು ನಾನು ಕಂಡಿರಲಿಲ್ಲ.

ನೆಲಮಾಳಿಗೆಯ ಜನ ನೆಲಮಾಳಿಗೆಯವರೇ. ಮೇಲಕ್ಕೆ ಕರೆತಂದರೂ ತಲೆಯ ಮೇಲೊಂದು ಗವಿ ಇಟ್ಟುಕೊಂಡು ಓಡಾಡುತ್ತಾರೆ. ಎಂಥ ಬೆಳಕು ಕೊಟ್ಟೆ ಇವರಿಗೆ! ಪಾತ್ರೆ ಅಂಗಡಿಯವನಿಗೆ ಸಂಗೀತ ಕೇಳಿಸಿದ ಹಾಗಾಯಿತು.

ಪೈಲ್ವಾನಮ್ಮ ಏನೋ ಹೇಳಲು ಹತ್ತಿರ ಬಂದಳು. ಅವಳ ತಲೆಯ ಮೇಲೂ ಟೋಪಿ. ನಾನು ನಿಲ್ಲದೆ ಬಂದುಬಿಟ್ಟೆ.

ಏಪ್ರಿಲ್ 16

ಪೈಲ್ವಾನಮ್ಮ ಆಫೀಸಿಗೇ ಬಂದಳು. ಈ ಸಲ ಬಾಗಿಲು ತುಂಬಿಕೊಂಡು ನಿಲ್ಲಲಿಲ್ಲ, ಕುರ್ಚಿಯ ಅಂಚಿಗೆ ಕುಳಿತಳು.

“ಸಾರ್, ಬೇಜಾರು ಮಾಡ್ಕೋಬೇಡಿ. ಬೆಳಕು ಜಾಸ್ತಿ ಆಗಿದೆ. ನಿಂತು ಮಾಡೋರು ಹೇಗೋ ಸುಧಾರಿಸ್ಕೋತಾರೆ. ಬೆಂಚ್ ಮೇಲೆ ಮಲಗಿ ಎತ್ತೋರಿಗೆ ಸೂರ್ಯ ನೇರ ಕಣ್ಣಿಗೇ. ನಿನ್ನೆ ಒಬ್ಬ ಹೆಂಗಸು ರಾಡನ್ನ ಕೊಕ್ಕೆಗೆ ಇಡ್ತೀನಿ ಅಂತ ಗಾಳಿಗೆ ಇಟ್ಳು. ಕಣ್ಣೇ ಕಾಣಲಿಲ್ಲ ಅವಳಿಗೆ. ನಾನು ಹಿಡೀದೇ ಇದ್ದಿದ್ರೆ ಕತ್ತಿನ ಮೇಲೆ ಬೀಳ್ತಿತ್ತು.”

“ಬೆಂಚನ್ನ ಗೋಡೆ ಕಡೆ ಸರಿಸಿ.”

“ಗೋಡೆನೂ ಹಂಗೇ ಹೊಳೀತದೆ ಸಾರ್. ಕನ್ನಡಿ ಮುಚ್ಚಿ ಆಯ್ತು. ಬೆಳಕಿಂಡಿಗೆ ಏನಾದ್ರೂ ಹೊದಿಸಿ ಕೊಡಿ. ಇಲ್ಲಾಂದ್ರೆ ನಾನೇ ತಗಡು ಹೊದಿಸ್ಬೇಕಾಗುತ್ತೆ. ಜನ ಬಿಟ್ಟು ಹೋಗ್ತಿದಾರೆ. ಅದಾದ್ರೂ ಹೋಗ್ಲಿ, ಯಾರ ಜೀವಕ್ಕಾದ್ರೂ ಏನಾದ್ರೂ ಆದ್ರೆ ನಾನು ಏನ್ ಮಾಡ್ಲಿ?”

ತಗಡು! ನನ್ನ ಬೆಳಕಿಂಡಿಗೆ ತಗಡು! ಆಮೇಲೆ ಟ್ಯೂಬ್‌ಲೈಟು ಹಾಕಿಸುತ್ತಾಳೆ, ಅಲ್ಲಿಗೆ ನೆಲಮಾಳಿಗೆ ಮೆಟ್ಟಿಲು ಹತ್ತಿ ಮೇಲೆ ಬಂದ ಹಾಗಾಯಿತು. ನಾನು ಬಾಯಿಗೆ ಬಂದಂತೆ ಮಾತಾಡಿದೆ. ಬೆಳಕನ್ನು ಜೀರ್ಣಿಸಿಕೊಳ್ಳುವ ಶಕ್ತಿ ನಿಮ್ಮ ಜನಕ್ಕಿಲ್ಲ ಎಂದೆ. ರಾಡು ಹಿಡಿಯಲು ಬಾರದವರು ಮನೆಯಲ್ಲಿ ಪೊರಕೆ ಹಿಡಿಯಲಿ ಎಂದೆ. ಕೊನೆಗೆ, ನಾಡಿದ್ದು ನಾನೇ ಬಂದು ಆ ಬೆಂಚಿನ ಮೇಲೆ ಮಲಗಿ ತೋರಿಸುತ್ತೇನೆ, ಆಮೇಲೆ ಮಾತು ಎಂದೆ.

“ಬನ್ನಿ ಸಾರ್” ಎಂದಳು. ಅಷ್ಟೇ.

ಏಪ್ರಿಲ್ 18

ಹೋಗಿದ್ದೆ. ಬಾಮೈದನೂ ಬಂದಿದ್ದ. ಅಕ್ಕ ಕಳಿಸಿದ್ದಳಂತೆ.

ಬೆಂಚಿನ ಮೇಲೆ ಮಲಗಿದೆ. ನಕ್ಷೆಯಲ್ಲಿ ನಾನು ಬರೆದಿದ್ದ ಮನುಷ್ಯರೆಲ್ಲ ನಿಂತವರು, ಓಡುವವರು. ಮಲಗಿದವನನ್ನು ನಾನು ಒಮ್ಮೆಯೂ ಬರೆದಿರಲಿಲ್ಲ. ಅದು ಮಲಗಿದ ಕ್ಷಣ ಹೊಳೆಯಿತು. ಆಸ್ಪತ್ರೆಯ ವಾರ್ಡು ಕಟ್ಟಿದವನಿಗೂ ಇಷ್ಟು ಗೊತ್ತಿರುತ್ತದೆ.

ಮೋಡ ಸರಿದು ಸೂರ್ಯ ಬೆಳಕಿಂಡಿಯ ಮೇಲೆ ಬಂದ. ಮತ್ತೆ ಏನೂ ಇಲ್ಲ. ಬರೀ ಬಿಳಿ. ಮಾಡಿಲ್ಲ, ಗಾಜಿಲ್ಲ, ಪೈಲ್ವಾನಮ್ಮನ ಮುಖವಿಲ್ಲ.

“ಖಾಲಿ ರಾಡು ಕೊಡ್ತಿದೀನಿ ಸಾರ್. ತಗೊಳ್ಳಿ.”

ಕೈ ಚಾಚಿದೆ.

“ಇಲ್ಲಿ ಸಾರ್.”

ಮತ್ತೆ ಚಾಚಿದೆ. ಎಲ್ಲಿಯೂ ಇಲ್ಲ. ಅವಳು ನನ್ನ ಮಣಿಕಟ್ಟು ಹಿಡಿದು ರಾಡಿನ ಮೇಲೆ ಇಟ್ಟಳು. ಮಗುವಿಗೆ ಬಳಪ ಹಿಡಿಸುವ ಹಾಗೆ. ನನಗೆ ಹೆದರಿಕೆಯಾಯಿತು. ಸುಳ್ಳೇಕೆ ಬರೆಯಲಿ, ತುಂಬ ಹೆದರಿಕೆಯಾಯಿತು.

ಎದ್ದು ಕುಳಿತ ಮೇಲೆ ಅವಳು ತನ್ನ ಟೋಪಿ ತೆಗೆದು ನನ್ನ ಮುಂದೆ ಹಿಡಿದಳು. “ಇದು ಯಾವ ಬಣ್ಣ ಸಾರ್?”

“ಕಂದು.”

ಬಾಮೈದ ಮೆಲ್ಲಗೆ, “ಭಾವ, ಅದು ನೀಲಿ” ಎಂದ.

ಬಿಸಿಲಿನ ಹೊಡೆತಕ್ಕೆ ಹಾಗಾಗಿರಬೇಕು. ಯಾರಿಗಾದರೂ ಆಗುತ್ತದೆ.

ಏಪ್ರಿಲ್ 19

ಬಿಸಿಲಿನ ಹೊಡೆತವಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಹೆಂಡತಿಯ ಶಾಲನ್ನು ನೋಡಿದೆ. ಕಂದೇ.

ಏಪ್ರಿಲ್ 23

ಹೆಂಡತಿಯ ಕಾಟ ತಡೆಯಲಾಗದೆ ಕಣ್ಣಿನ ಡಾಕ್ಟರ ಬಳಿ ಹೋದೆ. ಕಣ್ಣು ನೋಡುವವರ ಆಸ್ಪತ್ರೆ, ಕಾಯುವ ಕೋಣೆಗೆ ಒಂದೇ ಒಂದು ಕಿಟಕಿ, ಅದಕ್ಕೂ ಬೀರು ಅಡ್ಡ ಇಟ್ಟಿದ್ದಾರೆ. ಹೇಳೋಣವೆಂದು ಬಾಯಿ ತೆರೆದೆ. ಹೆಂಡತಿ ತೊಡೆ ಚಿವುಟಿದಳು.

ಡಾಕ್ಟರು ನನ್ನ ಮಗಳ ವಯಸ್ಸಿನವಳು. ಯಂತ್ರಕ್ಕೆ ಗದ್ದ ಊರಿಸಿ ಎರಡೂ ಕಣ್ಣು ನೋಡಿದಳು.

“ಎರಡಕ್ಕೂ ಪೊರೆ ಚೆನ್ನಾಗಿ ಬಲಿತಿದೆ. ಒಂದೆರಡು ವರ್ಷದಿಂದಲೇ ಶುರುವಾಗಿರ್ಬೇಕು. ನಿಮಗೆ ಗೊತ್ತಾಗ್ಲಿಲ್ವಾ?”

“ಹೇಗೆ ಗೊತ್ತಾಗುತ್ತೆ? ಓದೋಕೆ ಕನ್ನಡಕನೇ ಬೇಡ ನನಗೆ.”

“ಅದೂ ಪೊರೆ ಕೆಲಸನೇ ಸಾರ್. ಪೊರೆ ಬಲಿಯುವಾಗ ಕೆಲವರಿಗೆ ಹತ್ತಿರದ್ದು ಚೆನ್ನಾಗಿ ಕಾಣೋಕೆ ಶುರುವಾಗುತ್ತೆ. ಕಣ್ಣು ವಾಸಿಯಾಯ್ತು ಅಂತ ಖುಷಿ ಪಡ್ತಾರೆ. ಒಳಗೆ ಎಲ್ಲ ಹಳದಿ ಆಗಿರುತ್ತೆ, ಮಂಕಾಗಿರುತ್ತೆ. ನಿಧಾನಕ್ಕೆ ಆಗೋದ್ರಿಂದ ತಿಳಿಯಲ್ಲ. ಹೆದರ್ಬೇಡಿ, ತೆಗೆದುಬಿಡೋಣ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು.”

ಹಳದಿ. ಆ ಬಣ್ಣದವನಿಗೆ ಕೆಲಸಗಳ್ಳ ಎಂದಿದ್ದೆ.

ಹಿಂದಿರುಗುವಾಗ ಕಾರು ಹೆಂಡತಿ ಓಡಿಸಿದಳು. ಮನೆಯ ಗೇಟು ದಾಟುವಾಗ ಕಂಬ ತಾಗಲಿಲ್ಲ.

ಮೇ 7

ಬಲಗಣ್ಣಿನ ಪಟ್ಟಿ ಬಿಚ್ಚಿದರು.

ಶಾಲು ನೇರಳೆ. ಎಂಥ ನೇರಳೆ! ಅದನ್ನು ನಾನೇ ಆರಿಸಿದ್ದು, ಅಂಗಡಿಯವನನ್ನು ಗೋಳುಹೊಯ್ದುಕೊಂಡು, ಅಟ್ಟದ ಮೇಲಿದ್ದ ಕಟ್ಟನ್ನೆಲ್ಲ ಇಳಿಸಿ. ಅದನ್ನು ಹೊದ್ದವಳ ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತೋ ಗೊತ್ತಿಲ್ಲ. ಕೇಳಿದೆ.

“ಎರಡು ವರ್ಷ ಆಯ್ತು ಬಣ್ಣ ಹಚ್ಚೋದು ಬಿಟ್ಟು. ನೀವು ಒಂದ್ಮಾತೂ ಅನ್ನಲಿಲ್ಲ. ಒಪ್ಪಿಕೊಂಡ್ರಲ್ಲಾ ಅಂತ ಖುಷಿಯಾಗಿದ್ದೆ.”

“ಚೆನ್ನಾಗಿದೆ” ಎಂದೆ. ನಿಜವಾಗಿಯೂ ಚೆನ್ನಾಗಿದೆ.

ಮೇ 12

ಜಿಮ್ಮಿಗೆ ಹೋದೆ. ಯಾರಿಗೂ ಹೇಳದೆ ಹೋಗಿದ್ದೆ, ಆದರೆ ಬಾಗಿಲಲ್ಲೇ ಕೈ ತಾನಾಗಿ ಹಣೆಗೆ ಹೋಯಿತು. ಮೊದಲ ದಿನ ಪೈಲ್ವಾನಮ್ಮ ಹಣೆಗೆ ಕೈ ಹಿಡಿದು ನಿಂತದ್ದು ನೆನಪಾಯಿತು. ಅವರ ಕಣ್ಣಲ್ಲಿದ್ದ ನೀರು ಖುಷಿಯದೇ ಅಥವಾ ಬಿಸಿಲಿನದೇ ಎಂದು ಇನ್ನು ಯಾವ ಬಾಯಲ್ಲಿ ಕೇಳಲಿ?

ನಾನು ಕಟ್ಟಿಸಿದ್ದು ಹಾಲ್ ಅಲ್ಲ, ಬಾಣಲೆ. ಪೂರ್ವದಿಂದ ಬೆಂಕಿ, ಮೇಲಿನಿಂದ ಬೆಂಕಿ. ಜಗಳ ಮಾಡಿ ನೀಲಿ ಬೆರೆಸಿ ಹೊಡೆಸಿದ ಗೋಡೆಯ ಬಿಳಿ ಸೂಜಿಯಂತೆ ಕಣ್ಣಿಗೆ ಚುಚ್ಚಿತು. ಕಬ್ಬಿಣದ ಒಂದೊಂದು ತಟ್ಟೆಯ ಅಂಚಿನಲ್ಲೂ ಒಂದೊಂದು ಸೂರ್ಯ. ಇದರ ನಡುವೆ ಜನ ಟೋಪಿ ಹಾಕಿಕೊಂಡು, ತಲೆ ತಗ್ಗಿಸಿ, ಗೊಣಗದೆ ತಮ್ಮ ಕೆಲಸ ಮಾಡುತ್ತಿದ್ದರು. ಇವರನ್ನು ಶೋಕಿಯವರು ಎಂದೆ. ಟೋಪಿ ಹಾಕಿದವನು ನಾನು!

ಆ ಮುದುಕ ಇಂದೂ ಬೆಂಚಿನ ಮೇಲೆ ಮಲಗಿದ್ದ. ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು, ಕೊಕ್ಕೆ ಎಲ್ಲಿದೆಯೆಂದು ರಾಡಿನಿಂದಲೇ ತಡಕುತ್ತಿದ್ದ. ತಲೆಯ ಬಳಿ ಪೈಲ್ವಾನಮ್ಮ ಎರಡೂ ಕೈ ಚಾಚಿ ನಿಂತಿದ್ದರು. ಬೆಳಿಗ್ಗೆಯಿಂದ ಸಂಜೆಯ ತನಕ ಬೆಂಚಿನಿಂದ ಬೆಂಚಿಗೆ ಹೀಗೇ ಕೈ ಚಾಚಿ ನಿಲ್ಲುತ್ತಾರಂತೆ. ತಗಡು ಹೊದಿಸಿರಲಿಲ್ಲ.

“ಯಾಕೆ ಹೊದಿಸಲಿಲ್ಲ?” ಎಂದೆ.

“ಆಸೆ ಪಟ್ಟು ಕೇಳಿದ್ದು ನಾನೇ ಅಲ್ವಾ ಸಾರ್. ಕೇಳಿ ತಗೊಂಡಿದ್ದನ್ನ ಮುಚ್ಚಿಹಾಕೋಕೆ ಮನಸ್ಸು ಬರಲಿಲ್ಲ. ನಿಮ್ಮ ಕಣ್ಣು ವಾಸಿಯಾಗ್ಲಿ, ನೀವೇ ಏನಾದ್ರೂ ಮಾಡ್ತೀರಿ ಅಂದ್ಕೊಂಡೆ.”

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಬರುತ್ತದೆ.

ಮನೆಗೆ ಬಂದು ಬಾಮೈದನಿಗೆ ಫೋನು ಮಾಡಿದೆ. “ಆ ಡಬ್ಬಿ ತಗೊಂಡು ಬಾರೋ” ಎಂದೆ. ಯಾವ ಡಬ್ಬಿ ಎಂದು ಕೇಳದಷ್ಟು ದೊಡ್ಡ ಮನಸ್ಸು ಅವನದು. ನಕ್ಕದ್ದು ಮಾತ್ರ ಕೇಳಿಸಿತು.

ಮೇ 15

ಮೂರು ಬೆಳಕಿಂಡಿಗಳಿಗೆ ಮೇಲಿನಿಂದ ಮುಚ್ಚಳ. ಉಳಿದ ಎರಡರಿಂದ ಒಂದು ಆಳಿನಷ್ಟು ಕೆಳಗೆ ತೆಳುವಾದ ಬಿಳಿ ಬಟ್ಟೆಯನ್ನು ಬಿಗಿಯಾಗಿ ಕಟ್ಟುವುದು. ಬಿಸಿಲು ಅದರ ಮೇಲೆ ಬಿದ್ದು ಹರಡಿ ಇಳಿಯಲಿ. ಪೂರ್ವದ ಗಾಜಿಗೆ ಹೊರಗಿನಿಂದ ಅಡ್ಡಪಟ್ಟಿಗಳು. ಬೆಂಚುಗಳೆಲ್ಲ ಮುಚ್ಚಳದ ಕೆಳಗೆ. ಗೋಡೆಗೆ ಕೆನೆ ಬಣ್ಣ. ಬಣ್ಣದವನಿಗೆ ನಾನೇ ಹೋಗಿ ಹೇಳಿದೆ. “ಮೊದಲ ಸಲ ಹೊಡೆದಿದ್ಯಲ್ಲ, ಅದೇ” ಎಂದೆ. ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡು, “ಆಗ್ಲಿ ಸಾರ್” ಎಂದ. ನಗುತ್ತಿದ್ದಿರಬೇಕು, ನಗಲಿ.

ನಕ್ಷೆಯಲ್ಲಿ ಮಲಗಿದ ಮನುಷ್ಯನನ್ನು ಬರೆದೆ. ಬೆಂಚಿಗೊಬ್ಬರಂತೆ.

ಮೇ 20

ನಾಳೆ ಎಡಗಣ್ಣು. ಬಟ್ಟೆ ಕಟ್ಟುವ ಕೆಲಸ ಇಂದೇ ಇಟ್ಟುಕೊಂಡಿದ್ದರು; ಮುಚ್ಚಳ, ಅಡ್ಡಪಟ್ಟಿ, ಬಣ್ಣ ಎಲ್ಲ ಆಮೇಲೆ. ಜಿಮ್ಮಿಗೆ ರಜೆ. ಹಾಲಿನಲ್ಲಿ ಪೈಲ್ವಾನಮ್ಮ, ಏಣಿಯ ಮೇಲೆ ಬಾಮೈದ, ಕೆಳಗೆ ನಾನು. ತಲೆಗೆ ಪೈಲ್ವಾನಮ್ಮ ಕೊಟ್ಟ ಟೋಪಿ. ನೀಲಿ.

ಬಾಮೈದ ಬಟ್ಟೆಯ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದು ಎಳೆಯುವುದರಲ್ಲಿದ್ದ.

“ಒಂದು ನಿಮಿಷ ತಡಿ” ಎಂದೆ.

ಟೋಪಿ ತೆಗೆದೆ. ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಪೊರೆ ಇನ್ನೂ ಇರುವ ಎಡಗಣ್ಣಿನಿಂದ ನೋಡಿದೆ.

ಅಲ್ಲಿತ್ತು. ಜೇನು ಬಣ್ಣದ ಬೆಳಕು, ಗೋಡೆಯಿಂದ ಗೋಡೆಗೆ ತುಂಬಿಕೊಂಡು. ಕಬ್ಬಿಣದ ಅಂಚೆಲ್ಲ ಮೆತ್ತಗೆ. ಎಲ್ಲೂ ಚೂಪಿಲ್ಲ. ಪೈಲ್ವಾನಮ್ಮನ ಸುತ್ತಲೂ ಮಂಜಿನಂಥ ಬಂಗಾರ. ಏಪ್ರಿಲ್ ಎರಡರ ಬೆಳಿಗ್ಗೆ ನಾನು ಮೂಲೆಯಲ್ಲಿ ನಿಂತು ನೋಡಿದ ಅದೇ ಹಾಲ್. ಅಷ್ಟು ಚೆಂದದ್ದನ್ನು ನಾನು ಬೇರೆ ಎಲ್ಲೂ ಕಟ್ಟಿಲ್ಲ, ಇನ್ನು ಕಟ್ಟುವುದೂ ಇಲ್ಲ. ಅದರೊಳಗೆ ನಾನೊಬ್ಬನೇ ಇದ್ದೆ. ಬೇರೆ ಯಾರೂ ಅದರೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

“ಏನ್ ಸಾರ್, ಕಣ್ಣು ನೋವಾ?” ಎಂದು ಪೈಲ್ವಾನಮ್ಮ ಕೇಳಿದರು.

“ಇಲ್ಲಮ್ಮ.”

ಏಣಿಯ ಮೇಲಿನಿಂದ ಬಾಮೈದ, “ಭಾವ, ಕೈ ನೋಯ್ತಿದೆ. ಕಟ್ಲಾ?” ಎಂದ.

ಇನ್ನೊಂದು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕೈ ತೆಗೆದು, “ಕಟ್ಟು” ಎಂದೆ.